ಹಗೇವವ್ವನ ಹಾಡಿನಲ್ಲಿರುವ ಸುಳ್ಳು

ಈ ಶ್ರಾವಣದಲ್ಲಿ, ಮೊನ್ನೆ ಮಧ್ಯಾಹ್ನ, ಮೊಮ್ಮಗನ ಹೆಂಡತಿ ಅಡುಗೆ ಮನೆಯಲ್ಲಿ ಜೋಳದ ದೊಡ್ಡ ಡಬ್ಬಿಯ ಮುಚ್ಚಳ ತೆಗೆದಳು. ಮಳೆಯ ತೇವ ತಾಗಿ ತಳದ ಜೋಳ ಮುಗ್ಗಿಹೋಗಿತ್ತು. ಹುಡುಗಿ ಡಬ್ಬಿಯೊಳಗೆ ತಲೆ ಇಟ್ಟು ಮೂಸಿ ನೋಡುತ್ತಿದ್ದಳು. ಆ ಹುಳಿ ವಾಸನೆ ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಮೂಗಿಗೆ ಬಡಿದದ್ದೇ ತಡ, ಮೊಣಕಾಲಿನ ನೋವು ಮರೆತು ಎದ್ದು ಹೋಗಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಅವಳು ಹೆದರಿ ಗೋಡೆಗೆ ಆತು ನಿಂತಳು. ಬರೀ ಜೋಳ ಅಜ್ಜಿ, ಹಾವಲ್ಲ ಚೇಳಲ್ಲ ಎಂದಳು. ನಾನು ಡಬ್ಬಿಯ ಮುಚ್ಚಳ ಬಿಗಿದು ಹಾಕಿದೆ.

ಸಂಜೆ, ನನ್ನನ್ನು ಸಮಾಧಾನ ಮಾಡಲೆಂದೇ ಇರಬೇಕು, ಪಕ್ಕದ ಮನೆಯವರು ಸೋಮವಾರ ಹಗೇವವ್ವನ ಗುಡಿಗೆ ಹೊರಟಿದ್ದಾರೆ, ಮಕ್ಕಳಾಗದವರಿಗೆ ಅಲ್ಲಿ ಉಡಿ ತುಂಬುತ್ತಾರಂತೆ, ಭಾಳ ಸತ್ಯುಳ್ಳ ದೇವರಂತೆ, ನಾನೂ ಹೋಗಿಬರಲೇ ಎಂದು ಕೇಳಿದಳು. ನಾನು ಬೈದ ಬೈಗುಳಕ್ಕೆ ಪಾಪ, ಆ ಹುಡುಗಿ ಊಟ ಬಿಟ್ಟು ಮಲಗಿದಳು. ಚಿತ್ತಾಪುರದಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು ನಾನು. ಹೇಳಬೇಕಾದದ್ದನ್ನು ನುಂಗಿಕೊಂಡು ಬರೀ ಬೈದರೆ ಅದೆಂಥ ಮಾಸ್ತರಿಕೆ? ಅವಳಿಗೆ ಹೇಳಬೇಕಾಗಿದ್ದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ನಿಜಾಮರ ಕಾಲ. ದೊಡ್ಡ ಲಡಾಯಿ, ಎರಡನೇ ಮಹಾಯುದ್ಧ, ಮುಗಿಯುತ್ತ ಬಂದಿತ್ತು. ನನಗೆ ಹದಿನೇಳು ವರ್ಷ, ಚೊಚ್ಚಿಲ ಬಸುರಿ. ಗಂಡ ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ. ಆಷಾಢದ ಮೊದಲ ಮಳೆ ಬಿದ್ದ ವಾರ ನನ್ನನ್ನು ಬಾಣಂತನಕ್ಕೆಂದು ತವರಿಗೆ ತಂದು ಬಿಟ್ಟು ಹೋದ. ತವರೆಂದರೆ ಭಂಕೂರ ದಾಟಿ ಕಾಗಿಣಾ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿರುವ ಸಣ್ಣ ಊರು. ಹೆಸರು ಬರೆಯುವುದಿಲ್ಲ, ಅಲ್ಲಿ ಇನ್ನೂ ನಮ್ಮವರಿದ್ದಾರೆ. ಅಪ್ಪ ಕಲ್ಲಿನ ಖಣಿಯಲ್ಲಿ ಹಾಸುಗಲ್ಲು ಬಿದ್ದು ಸತ್ತಿದ್ದ. ಅವ್ವ ಊರ ಗೌಡರ ದೊಡ್ಡ ಮನೆ, ಅಂದರೆ ವಾಡೆಯ ಹಿಂದಿನ ಎರಡು ಖೋಲಿಯಲ್ಲಿದ್ದುಕೊಂಡು ಅವರ ಮನೆಯ ರೊಟ್ಟಿ ಬಡಿಯುತ್ತ, ಜೋಳ ಬೀಸುತ್ತ ನನ್ನನ್ನು ಸಾಕಿದವಳು. ಇರುವ ಸೂರು ಅವರದು, ಕುಡಿಯುವ ನೀರು ಅವರ ಬಾವಿಯದು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಹಾಡು ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸೀಮಂತ, ಅವ್ವನಿಗೆ ಕರೆ ಬರುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕುಳಿತಳೆಂದರೆ ಮೊದಲ ಸಾಲು ಅವಳದು, ಎದುರಿಗೆ ಕುಳಿತವಳು ಅದನ್ನೇ ಎತ್ತಿಕೊಂಡು ತಿರುಗಿ ಹಾಡಬೇಕು. ಎರಡು ಸಲ ಹಾಡಿದ ಸಾಲು ನಿಲ್ಲುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಮದುವೆಯಾಗಿ ಹೋಗುವವರೆಗೆ ಆ ಎದುರಿನ ಜಾಗ ನನ್ನದಾಗಿತ್ತು.

ಆ ವರ್ಷ ಬಂದು ನೋಡಿದರೆ ನನ್ನ ಜಾಗದಲ್ಲಿ ಸಿದ್ದಮ್ಮ ಕುಳಿತಿದ್ದಳು. ಗೌಡರ ಕಿರಿ ಸೊಸೆ. ಸೇಡಮ್ಮಿನ ಆಚೆ ತೆಲುಗು ಸೀಮೆಗೆ ಹತ್ತಿದ ಹಳ್ಳಿಯವಳು, ನನಗಿಂತ ಒಂದು ವರ್ಷ ಚಿಕ್ಕವಳು. ಗಂಡ ಹೈದರಾಬಾದಿಗೆ ಹೋಗಿ ಎರಡು ವರ್ಷವಾಗಿತ್ತು. ಅಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು, ವಾಡೆಯಲ್ಲಿ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಸೊಸೆ ಆ ಮನೆಯಲ್ಲಿ ಏನಾಗಿದ್ದಳೆಂದರೆ, ಸೆಗಣಿ ಬಳಿಯುವವಳು, ನೀರು ಹೊರುವವಳು, ಕೊನೆಗೆ ಉಣ್ಣುವವಳು. ಅವಳ ಅತ್ತೆ ಗೌಡಶಾನಿ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಆದರೂ ಹುಡುಗಿ ನಗುವವಳು. ಅವಳ ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು, ನಾವು ಅಣಕಿಸಿದರೆ ಇನ್ನಷ್ಟು ಬೆರೆಸಿ ಮಾತಾಡಿ ನಮ್ಮನ್ನೇ ನಗಿಸುತ್ತಿದ್ದಳು.

ಇನ್ನು ಹಗೇವಿನ ಕತೆ. ಈಗಿನವರು ಹಗೇವು ನೋಡಿಲ್ಲ. ನೆಲದೊಳಗೆ ಎರಡಾಳು ಆಳಕ್ಕೆ ಗುಂಡಗೆ ತೋಡಿ, ಸುತ್ತ ಜೋಳದ ಒಣ ದಂಟಿನ ಕಣಿಕೆ ಹಚ್ಚಿ, ಅದರೊಳಗೆ ಜೋಳ ಸುರಿದು, ಒಬ್ಬರು ಇಳಿಯುವಷ್ಟು ಸಣ್ಣ ಬಾಯಿಗೆ ಫರಸಿ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಇರುತ್ತದೆ. ಗೌಡರ ವಾಡೆಯ ಅಂಗಳದಲ್ಲಿದ್ದ ಹಗೇವು ಎಲ್ಲಕ್ಕಿಂತ ದೊಡ್ಡದು, ಹಳೆಯದು. ಅದಕ್ಕೊಂದು ಕತೆಯಿತ್ತು. ಹಿಂದೆ ಯಾವುದೋ ಬರಗಾಲದಲ್ಲಿ ಹಗೇವಿನ ತಳ ಕಂಡಾಗ ಆ ಮನೆಯ ಸೊಸೆ ತಾನಾಗಿ ಒಳಗೆ ಇಳಿದು, ಹಗೇವಿನ ಬಾಯಿ ಮುಚ್ಚಿರಿ ಎಂದಳಂತೆ. ಮುಚ್ಚಿದರಂತೆ. ಮೂರು ದಿನದ ಮೇಲೆ ತೆಗೆದರೆ ಸೊಸೆ ಇಲ್ಲ, ಬಾಯಿಮಟ ಜೋಳ. ಅವಳೇ ಹಗೇವವ್ವ. ನಾವು ಸಣ್ಣವರಿದ್ದಾಗ ಮಟಮಟ ಮಧ್ಯಾಹ್ನ ಆ ಕಲ್ಲಿಗೆ ಕಿವಿ ಹಚ್ಚಿ ಒಳಗಿನಿಂದ ಬಳೆಯ ಸದ್ದು ಬರುತ್ತದೆಯೇ ಎಂದು ಕೇಳುತ್ತಿದ್ದೆವು. ನನಗೆ ಒಂದು ಸಲ ಕೇಳಿಸಿತ್ತು ಕೂಡ. ಎರಡು ದಿನ ಜ್ವರ ಬಂದು ಮಲಗಿದ್ದೆ.

ಆ ಕತೆಯಿಂದ ಹುಟ್ಟಿದ ಪದ್ಧತಿ ಒಂದಿತ್ತು. ಹಗೇವು ತೆಗೆದಾಗ ಮೊದಲು ಮನೆಯ ಸೊಸೆ ಇಳಿದು ಒಂದು ಮೊರ ಜೋಳ ತುಂಬಿಕೊಂಡು ಮೇಲೆ ಬರಬೇಕು. ಹೆಂಗಸರು ಹಗೇವವ್ವನ ಹಾಡು ಹಾಡಬೇಕು. ಆಮೇಲೆ ಆಳುಗಳು ಇಳಿಯಬೇಕು. ಅವ್ವ ಆ ಹಾಡನ್ನು ಎಳೆದು ಎಳೆದು ಹಾಡುವಾಗ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಅತ್ತಿದ್ದೇನೆ.

ಆದರೆ ಹಾಡಿಗಿಂತ ಮೊದಲು ಇನ್ನೊಂದು ಕೆಲಸವಿತ್ತು. ಅದು ಮಸ್ತಾನಸಾಬನದು. ಅವನ ಮನೆತನದ ಕಸುಬೇ ಹಗೇವು ತೆಗೆಯುವುದು. ಮುಚ್ಚಿದ ಹಗೇವಿನೊಳಗೆ ಹವೆ ಕೆಟ್ಟಿರುತ್ತದೆ, ಹಾಗೇ ಇಳಿದವನು ತಿರುಗಿ ಮೇಲೆ ಬರುವುದಿಲ್ಲ. ಅದಕ್ಕೆ ಕಲ್ಲು ಸರಿಸಿ ಒಂದು ದಿನ, ಎರಡು ದಿನ ಬಿಡಬೇಕು. ಆಮೇಲೆ ಮಸ್ತಾನಸಾಬ ಹಗ್ಗಕ್ಕೆ ಹಣತೆ ಕಟ್ಟಿ ಒಳಗೆ ಇಳಿಬಿಡುತ್ತಿದ್ದ. ದೀಪ ಉರಿಯುತ್ತಿದ್ದರೆ ಸೈ. ಆರಿದರೆ ಮತ್ತೆ ಕಾಯಬೇಕು. ಅವನು ತಲೆಯಾಡಿಸಿದ ಮೇಲೆ ಅವ್ವ ಹಾಡು ಎತ್ತುತ್ತಿದ್ದಳು, ಸೊಸೆ ಇಳಿಯುತ್ತಿದ್ದಳು. ಹೀಗಾಗಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಹಗೇವಿನ ಗೊಡವೆಗೇ ಹೋಗುತ್ತಿರಲಿಲ್ಲ. ನೀರು ಇಳಿದರೆ ಕಾಳು ಹುಳಿಯುತ್ತದೆ, ಹವೆ ಇನ್ನೂ ಕೆಡುತ್ತದೆ. ಇದು ಊರಿನ ದನಕಾಯುವವನಿಗೂ ಗೊತ್ತಿದ್ದ ಸಂಗತಿ.

ಆ ವರ್ಷ ಆಷಾಢವಿಡೀ ಮಳೆ. ಕರಿಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಕೀಳಲಾಗುತ್ತಿರಲಿಲ್ಲ. ಖಣಿಗಳಲ್ಲಿ ನೀರು ನಿಂತು ಕಲ್ಲಿನ ಕೆಲಸ ನಿಂತಿತ್ತು. ಪಂಚಮಿ ಹತ್ತಿರ ಬಂತು. ಪಂಚಮಿಗೆ ಅಣ್ಣನೋ ಅಪ್ಪನೋ ಬಂದು ಮನೆಮಗಳನ್ನು ಕರೆದುಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಸಿದ್ದಮ್ಮನನ್ನು ಎರಡು ವರ್ಷದಿಂದ ಯಾರೂ ಕರೆಯಲು ಬಂದಿರಲಿಲ್ಲ. ಅಪ್ಪನಿಗೆ ಅವಳೊಬ್ಬಳೇ ಮಗಳು, ತಾಯಿ ಇಲ್ಲ. ಅವನು ಹೇಳಿ ಕಳಿಸಿದಾಗಲೆಲ್ಲ ವಾಡೆಯವರು, ಅವಳಿಗೇ ಬರಲು ಮನಸ್ಸಿಲ್ಲ, ಗಂಡನ ದಾರಿ ಕಾಯುತ್ತಿದ್ದಾಳೆ ಎಂದು ಸುದ್ದಿ ಕಳಿಸುತ್ತಿದ್ದರು. ಇದು ಅವಳಿಗೆ ಗೊತ್ತಾದದ್ದು ಯಾರೋ ಬಳೆಗಾರನಿಂದ.

ಒಂದು ದಿನ ಬೀಸುವುದು ಮುಗಿದ ಮೇಲೆ ಅವಳು ನನ್ನ ಪಕ್ಕಕ್ಕೆ ಸರಿದು ಕುಳಿತಳು.

"ಅಕ್ಕಾ, ನಿನಗ ಬರೀಲಿಕ್ಕ ಬರ್ತದಲ್ಲ. ನಮ್ಮಪ್ಪಗ ಎರಡು ಅಕ್ಷರ ಬರದು ಕೊಡು. ಪಂಚಮಿಗಿ ಬಂದು ಕರಕೊಂಡು ಹೋಗು ಅಂತ ಬರಿ. ನಾ ಮತ್ತ ಇಲ್ಲಿಗಿ ಬರಂಗಿಲ್ಲ."

ಮಠದ ಅಯ್ಯನವರ ಹತ್ತಿರ ನಾಲ್ಕಕ್ಷರ ಕಲಿತವಳು ನಾನು, ಕಾಗದ ಬರೆದುಕೊಡು ಎಂದು ಯಾರಾದರೂ ಕೇಳಿದರೆ ಉಬ್ಬಿಹೋಗುತ್ತಿದ್ದೆ. ಗಂಡ ಕೊಟ್ಟು ಹೋಗಿದ್ದ ಕಾರ್ಡುಗಳಲ್ಲಿ ಒಂದನ್ನು ತೆಗೆದು ಅವಳು ಹೇಳಿದಂತೆ ಬರೆದೆ. ಮೂರೇ ಮಾತು. ಅಪ್ಪಾ, ಪಂಚಮಿಗೆ ಬಾ. ಇವರು ಹೇಳಿದ್ದು ನಂಬಬೇಡ. ಬಂಡಿ ಸಿಗದಿದ್ದರೆ ನಡೆದುಕೊಂಡು ಬಾ. ಮರುದಿನ ಶಹಾಬಾದ ಸಂತೆಗೆ ಹೊರಟ ಅವ್ವನ ಕೈಗೆ ಕೊಟ್ಟು, ಸ್ಟೇಷನ್ನಿನ ಟಪಾಲು ಡಬ್ಬಿಗೆ ಹಾಕು ಎಂದೆ. ಅವ್ವ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಯಾರದು ಎಂದು ಕೇಳಿದಳು, ಹೇಳಿದೆ. ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಂದಿನಿಂದ ಸಿದ್ದಮ್ಮ ದಿನಕ್ಕೆ ಹತ್ತು ಸಲ ಊರಬಾಗಿಲಿನ ಅಗಸಿಯ ಕಡೆ ನೋಡುವುದು ಶುರುವಾಯಿತು.

ಪಂಚಮಿಗೆ ಇನ್ನೂ ನಾಲ್ಕು ದಿನವಿತ್ತು. ಲಡಾಯಿ ಕಾಲದ ಲೆವಿ ನಿಮಗೆ ಗೊತ್ತಿರಲಿಕ್ಕಿಲ್ಲ. ಬೆಳೆದವರು ಇಷ್ಟು ಕಾಳು ಸರ್ಕಾರಕ್ಕೆ ಹಾಕಬೇಕು. ಬಡವನ ಮನೆಯ ಮಡಿಕೆಯನ್ನೂ ಬಿಡದೆ ನೋಡಿ ಹೋಗುತ್ತಿದ್ದರು. ಗೌಡರು ಮಾತ್ರ ತಮ್ಮ ಹಗೇವು ಖಾಲಿ ಎಂದು ಬರೆಸಿದ್ದರು. ಆ ದಿನ ಬೆಳಿಗ್ಗೆ ಒಬ್ಬ ಆಳು ಓಡುತ್ತ ಬಂದು, ಲೆವಿ ತಪಾಸಣೆಯ ಅಧಿಕಾರಿ ಗಿರ್ದಾವರ ವಾಡಿಗೆ ಬಂದು ಇಳಿದಿದ್ದಾನೆ, ನಾಳೆ ಈ ಕಡೆ ಬರುತ್ತಾನೆ, ಹಗೇವು ತೆಗೆಸಿ ನೋಡುತ್ತಾನೆ ಎಂದು ಹೇಳಿದ. ವಾಡೆಯಲ್ಲಿ ಒಲೆ ಆರಿತು. ಸಂಜೆಯೊಳಗೆ ಹಗೇವು ಬರಿದು ಮಾಡಿ ಕಾಳನ್ನು ಹಾಳು ಖಣಿಯ ಗುಡಿಸಲುಗಳಿಗೆ ಸಾಗಿಸಬೇಕೆಂದು ಗೌಡರು ಹಟ ಹಿಡಿದರು. ಮಳೆ ಸುರಿಯುತ್ತಿರುವಾಗಲೇ ನಾಲ್ಕು ಗೂಟ ನೆಟ್ಟು ತಾಡಪಲ್ ಕಟ್ಟಿ ಕಲ್ಲು ಸರಿಸಿದರು.

ಕಲ್ಲು ಸರಿದಾಗ ಬಂದ ವಾಸನೆಗೆ ನಾನು ಬಾಯಿ ಮುಚ್ಚಿಕೊಂಡು ಹಿಂದೆ ಸರಿದೆ. ಮುಗ್ಗಿದ ಜೋಳ, ಹುಳಿತ ಹಿಟ್ಟು, ಅದರ ಕೆಳಗೆ ಇನ್ನೇನೋ. ಮಸ್ತಾನಸಾಬ ಹಣತೆ ಇಳಿಬಿಟ್ಟ. ಒಂದು ಮೊಳ ಇಳಿಯುವುದರೊಳಗೆ ಆರಿತು. ಮತ್ತೆ ಹಚ್ಚಿ ಇಳಿಬಿಟ್ಟ. ಮತ್ತೆ ಆರಿತು. ಅವನು ಎದ್ದು ನಿಂತು ಕೈ ಮುಗಿದ.

"ಗೌಡ್ರೆ, ಒಳಗ ಹವಾ ಖರಾಬ್ ಅದ. ಎರಡು ದಿನ ಬಾಯಿ ತೆಗದು ಬಿಡ್ರಿ. ಇವತ್ತ ಯಾರ್ನೂ ಇಳಸಬ್ಯಾಡ್ರಿ."

ಎರಡು ದಿನ ಎಲ್ಲಿಂದ ತರಲಿ ಎಂದು ಗೌಡರು ರೇಗಿದರು. ಆಳುಗಳ ಕಡೆ ನೋಡಿದರು. ಆರಿದ ಹಣತೆಯನ್ನು ಕಣ್ಣಾರೆ ಕಂಡ ಆಳುಗಳು ನೆಲ ನೋಡುತ್ತ ನಿಂತರು. ಅವರಲ್ಲಿ ಹಿರಿಯನೊಬ್ಬ, ಮೊದಲು ಸೊಸೆಯ ಮೊರ ಮೇಲೆ ಬರಲಿ, ಪದ್ಧತಿ ಆಗಲಿ, ಆಮೇಲೆ ನಾವು ಇಳಿಯುತ್ತೇವೆ ಎಂದ. ಅವನು ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಗೌಡರಿಗೆ ಅದೇ ದಾರಿ ತೋರಿಸಿತು. ಮಸ್ತಾನಸಾಬನನ್ನು ಮನೆಗೆ ಹೋಗೆಂದು ಗದರಿದರು.

ಪದ್ಧತಿಯ ಪ್ರಕಾರ ಇಳಿಯಬೇಕಾದವಳು ಹಿರಿ ಸೊಸೆ. ಅವಳು ಮೂರು ದಿನದಿಂದ ಹೊರಗಾಗಿದ್ದಾಳೆ, ಮೈಲಿಗೆ ಎಂದಳು ಗೌಡಶಾನಿ. ನನಗೆ ಇವತ್ತಿಗೂ ಮೈ ಉರಿಯುವುದು ಈ ಮಾತಿಗೆ. ಎದೆಯ ಮೇಲೆ ಲಿಂಗ ಕಟ್ಟಿಕೊಂಡವರ ಮನೆ ಅದು. ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಬಸವಣ್ಣನವರ ಹೆಸರು ಹೇಳಿ ದಿನಾ ಊಟಕ್ಕೆ ಕೂರುವ ಮನೆ. ಹಿಂದಿನ ದಿನವೇ ಆ ಹಿರಿ ಸೊಸೆ ಜಂಗಮರಿಗೆ ಬಡಿಸಿದ್ದನ್ನು ನಾನು ನೋಡಿದ್ದೆ. ಬೇಡವಾದವಳನ್ನು ಇಳಿಸಲು ಒಂದು ನೆವ ಬೇಕಿತ್ತು, ಬೇಡವೆಂದು ಬಿಟ್ಟ ಮೈಲಿಗೆಯನ್ನು ಅದಕ್ಕಾಗಿ ತಿರುಗಿ ಕರೆತಂದರು.

ಸಿದ್ದಮ್ಮನಿಗೆ ಹೊಸ ಇಳಕಲ್ ಸೀರೆ ಉಡಿಸಿದರು, ಕೈತುಂಬ ಹಸಿರು ಬಳೆ ಇಟ್ಟರು. ಎರಡು ವರ್ಷದಲ್ಲಿ ಅವಳಿಗೆ ಆ ಮನೆಯಲ್ಲಿ ಸಿಕ್ಕ ಮೊದಲ ಹೊಸ ಸೀರೆ. ಅವಳು ಒಲ್ಲೆ ಎಂದಳು. ಮೆಲ್ಲಗೆ ಅಂದಳು, ಮತ್ತೆ ಗಟ್ಟಿಯಾಗಿ ಅಂದಳು. ದೀಪ ಆರ್ಯಾದ ಅತ್ತಿ, ನಾ ಒಲ್ಲೆ ಎಂದು ಗೌಡಶಾನಿಯ ಕಾಲು ಹಿಡಿದಳು. ಗೌಡಶಾನಿ ಅವಳನ್ನು ಎಬ್ಬಿಸಿ ಸೆರಗು ಸರಿಮಾಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಹಗೇವವ್ವನ ಮುಖದ ಕಳಿಗಿ ನಾಚಿ ದೀಪ ಆರ್ತದ. ಹಾಡಿನ್ಯಾಗೇ ಅದ, ಕೇಳಿಲ್ಲೇನ? ತವರಿಗಿ ಹೋಗ್ಬೇಕಂತಿಯಲ್ಲ, ಇದೊಂದು ಮಾಡಿ ಹೋಗು."

ಹಾಡಿನಲ್ಲಿ ಆ ಸಾಲು ಇತ್ತು. ನೂರು ಸಲ ಹಾಡಿದ್ದೆವು. ಸೊಸೆ ಇಳಿಯುವಾಗ ಅವಳ ಮುಖದ ಬೆಳಕು ಕಂಡು ಕೈಯಲ್ಲಿದ್ದ ದೀಪ ನಾಚಿ ತಾನಾಗಿ ಆರಿತು ಎಂದು. ಹೆಂಗಸರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಗೌಡಶಾನಿ ಅವ್ವನ ಕಡೆ ನೋಡಿದಳು. ಅವ್ವ ಒಂದು ಗಳಿಗೆ ತಡೆದಳು, ಅಷ್ಟೇ. ಆಮೇಲೆ ಹಾಡು ಎತ್ತಿದಳು.

ನಾನು ಹಗೇವಿಗೆ ಇಳಿಬಿಟ್ಟ ಏಣಿಯ ಪಕ್ಕದಲ್ಲೇ ನಿಂತಿದ್ದೆ. ಸಿದ್ದಮ್ಮ ಅಳುತ್ತ ಕಾಲಿಟ್ಟಳು. ನನ್ನ ಕೈ ಹಿಡಿದು, ನೀ ಹೇಳು ಅಕ್ಕಾ, ನೀ ಹೇಳು ಎಂದಳು. ನನಗೆ ಎಲ್ಲ ಗೊತ್ತಿತ್ತು. ಆರಿದ ಹಣತೆ ನಾನೂ ನೋಡಿದ್ದೆ. ಆದರೆ ಹೊಟ್ಟೆಯೊಳಗೆ ಎಂಟು ತಿಂಗಳ ಕೂಸು, ಸೂರು ಗೌಡರದು, ಹತ್ತು ಜನ ದೊಡ್ಡವರು ನಿಂತಲ್ಲಿ ನಾನೇನು ಹೇಳಲಿ ಎಂದುಕೊಂಡೆ. ಇನ್ನೂ ಕೆಟ್ಟದ್ದೆಂದರೆ, ಒಂದು ಗಳಿಗೆ ನಾನೂ ಆ ಹಾಡನ್ನು ನಂಬಿದೆ. ಏನೂ ಆಗಲಿಕ್ಕಿಲ್ಲ, ಹಗೇವವ್ವ ಕಾಯುತ್ತಾಳೆ ಎಂದುಕೊಂಡೆ. ಬೇಗ ತುಂಬಿಕೊಂಡು ಬಾ ಎಂದು ಅವಳ ಬೆನ್ನು ಸವರಿದೆ.

ಅವಳ ತಲೆ ಒಳಗೆ ಮರೆಯಾದ ಮೇಲೆ ಬಳೆಯ ಸದ್ದು ಕೇಳಿತು. ಉಸಿರು ಹತ್ತವಲ್ದು ಎಂದದ್ದು ಕೇಳಿತು. ಆಮೇಲೆ ಮೊರ ಬಿದ್ದ ಸದ್ದು. ಹತ್ತು ಹೆಂಗಸರ ಹಾಡಿನ ನಡುವೆ ಅದು ನನಗೆ ಮತ್ತು ಅವ್ವನಿಗೆ ಬಿಟ್ಟು ಇನ್ನಾರಿಗೂ ಕೇಳಿರಲಾರದು. ನಾನು ಕೂಗಿದೆ. ಅವ್ವ ನನ್ನನ್ನು ನೋಡಿದಳು, ಹಾಡು ನಿಲ್ಲಿಸಲಿಲ್ಲ. ಹಗೇವವ್ವನ ಹಾಡು ನಡುವೆ ಮುರಿದರೆ ಕೇಡು ಎಂದು ಕಲಿತವಳು ಅವಳು. ಆ ಹಾಡು ಮುಗಿಯುವವರೆಗೆ ಯಾರೂ ಬಾಗಿ ಒಳಗೆ ನೋಡಲಿಲ್ಲ.

ನೋಡಿದ ಮೇಲೆ ಗೌಡರ ಹಿರಿಮಗ ಇಳಿಯಲು ಹೋದ. ಎರಡು ಮೆಟ್ಟಿಲು ಇಳಿದು ತಲೆ ತಿರುಗಿ ವಾಲಿದ. ಗೌಡರು ಅವನ ಅಂಗಿ ಹಿಡಿದು ಮೇಲೆ ಎಳೆದುಕೊಂಡು, ಹವೆ ಕೆಟ್ಟಿದೆ, ಇಳಿಯಬೇಡ ಎಂದು ಚೀರಿದರು. ನನ್ನ ಕಿವಿಯಾರೆ ಕೇಳಿದ್ದೇನೆ. ಮಗನ ಸರದಿ ಬಂದಾಗ ಅದು ಹವೆಯಾಯಿತು. ಅರ್ಧ ಗಂಟೆಯ ಹಿಂದೆ ಅದೇ ಹಗೇವಿನಲ್ಲಿ ದೇವಿ ಇದ್ದಳು.

ಸುದ್ದಿ ಕೇಳಿ ಓಡಿಬಂದ ಮಸ್ತಾನಸಾಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒದ್ದೆ ಪಂಜೆ ಮುಖಕ್ಕೆ ಸುತ್ತಿಕೊಂಡು ಇಳಿದ. ಎರಡನೇ ಸಲ ಇಳಿದಾಗ ಅವಳನ್ನು ಎತ್ತಿ ತಂದ. ಸತ್ತುಹೋಗಿದ್ದಳು. ಬಳೆ ಒಂದೂ ಒಡೆದಿರಲಿಲ್ಲ. ಅವನು ಅಂಗಳದಲ್ಲೇ ಬಿದ್ದು ವಾಂತಿ ಮಾಡಿಕೊಂಡ, ವಾರಗಟ್ಟಲೆ ಹಾಸಿಗೆ ಬಿಟ್ಟೇಳಲಿಲ್ಲ.

ಗೌಡಶಾನಿ ಮೊದಲು ಎದೆ ಬಡಿದುಕೊಂಡು ಅತ್ತಳು. ಆ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಅವರು ಬೇಕೆಂದೇ ಕೊಂದರೆಂದೂ ಹೇಳುವುದಿಲ್ಲ. ಸತ್ತರೆ ಸಾಯಲಿ ಎಂದು ಇಳಿಸಿದರು. ಆದರೆ ಅಳು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು ಹೇಳಿದ ಮೊದಲ ಮಾತು, ಹಗೇವವ್ವ ಬಂದು ತನ್ನ ಮಗಳನ್ನು ಕರಕೊಂಡ್ಲು ಎಂದು. ಕೂಡಲೇ ಯಾರೋ ಅರಿಸಿನ ತಂದರು, ಯಾರೋ ಕಾಯಿ ಒಡೆದರು. ಹಗೇವಿನ ಬಾಯಿಗೆ ಕಲ್ಲು ತಿರುಗಿ ಬಂತು, ಕಲ್ಲಿನ ಮೇಲೆ ಕುಂಕುಮ ಬಂತು. ಮರುದಿನ ಗಿರ್ದಾವರ ಬಂದಾಗ ಊರಿಗೆ ಊರೇ ಆ ಕಲ್ಲಿನ ಸುತ್ತ ಕುಳಿತಿತ್ತು. ಅವನು ಬೂಟು ಕಳಚಿ, ಕೈ ಮುಗಿದು, ಚಹಾ ಸಹ ಕುಡಿಯದೆ ಹೋದ. ಹೀಗೆ ಕಾಳು ಉಳಿಯಿತು. ದೇವಿ ಕೂತ ಹಗೇವನ್ನು ತೆಗೆಸುವ ಧೈರ್ಯ ಆಮೇಲೆ ಯಾವ ಅಧಿಕಾರಿಗೂ ಬರಲಿಲ್ಲ.

ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಆ ಹಳೆಯ ಹಾಡನ್ನು ತಿರುತಿರುಗಿ ನೆನೆಯುತ್ತಿದ್ದೆ. ದೀಪ ನಾಚಿ ಆರಿತು. ಆ ಮೊದಲ ಸೊಸೆ, ಹಗೇವವ್ವ ಎಂದು ಕರೆಸಿಕೊಂಡವಳು, ಅವಳ ಕೈಯಲ್ಲೂ ದೀಪ ಆರಿತ್ತು. ಅಂದರೆ ಅವಳೂ ಇದೇ ಹವೆಯಲ್ಲಿ ಸತ್ತಳು. ಅವಳನ್ನೂ ಯಾರೋ ಇಳಿಸಿದ್ದರು, ಅವಳೂ ಒಲ್ಲೆ ಎಂದಿರಬೇಕು. ನಮ್ಮ ಅವ್ವನಂಥ ಒಬ್ಬಳು ಕುಳಿತು ಅದನ್ನು ಹಾಡು ಮಾಡಿದಳು. ಮಸ್ತಾನಸಾಬನ ಹಿರಿಯರು ಆ ಸಾವಿನಿಂದ ಕಲಿತದ್ದು ಹಣತೆ ಇಳಿಬಿಡುವುದನ್ನು, ಹೆಂಗಸರು ಕಲಿತದ್ದು ಹಾಡನ್ನು. ಅವತ್ತು ಹಣತೆಯನ್ನು ತಳ್ಳಿ ಹಾಡನ್ನು ಇಟ್ಟುಕೊಂಡರು. ಸಣ್ಣವಳಿದ್ದಾಗ ಕಲ್ಲಿಗೆ ಕಿವಿ ಹಚ್ಚಿ ಬಳೆ ಸದ್ದು ಕೇಳಿ ಹೆದರಿದ ನಾನು, ಹೆದರಬೇಕಾಗಿದ್ದದ್ದು ಕಲ್ಲಿನ ಮೇಲೆ ಕುಳಿತು ಹಾಡುವವರಿಗೆ ಎಂದು ಹದಿನೇಳನೇ ವಯಸ್ಸಿನಲ್ಲಿ ತಿಳಿದುಕೊಂಡೆ. ಮಸ್ತಾನಸಾಬ ಎದ್ದು ಓಡಾಡುವಂತಾದ ಮೇಲೆ, ಅದು ಹವೆ, ದೇವಿಯಲ್ಲ ಎಂದು ಕಂಡಕಂಡವರಿಗೆ ಹೇಳಿದ. ದೇವಿಯನ್ನು ಹಳಿಯುತ್ತಾನೆಂದು ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಶಹಾಬಾದಿಗೆ ಹೋಗಿ ಕಲ್ಲು ಒಡೆದು ಬದುಕಿದ.

ಸಿದ್ದಮ್ಮನ ಅಪ್ಪ ಬಂದದ್ದು ಪಂಚಮಿಯ ಮರುದಿನ. ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ವಾಡೆಯ ಆಳು ಹೋಗಿ ಹೇಳಿದ್ದನ್ನು ಕೇಳಿ, ಸೇಡಮ್ಮಿನ ಆಚೆಯಿಂದ ಕೆಸರಿನಲ್ಲಿ ನಡೆದುಕೊಂಡು ಬಂದಿದ್ದ. ಕುಳ್ಳ ಮನುಷ್ಯ, ಮೊಣಕಾಲ ತನಕ ಕರಿಮಣ್ಣು. ಅವನನ್ನು ಹಗೇವಿನ ಕಲ್ಲಿನ ಹತ್ತಿರ ಕೂಡಿಸಿದರು. ಗೌಡರು ತಾವೇ ನೀರು ಕೊಟ್ಟರು. ನಿನ್ನ ಮಗಳು ನಮ್ಮ ಮನೆಯ ದೇವರಾದಳು ಎಂದರು. ಅವ್ವನಿಗೆ ಆಗಲೇ ಹೇಳಿಟ್ಟಿದ್ದರು. ಹಳೆಯ ಹಾಡಿಗೆ ಸಿದ್ದಮ್ಮನದೊಂದು ತುಂಡು ಸೇರಿಸಿ ಅವಳು ಹಾಡಿದಳು. ಮುದುಕ ತಲೆ ತಗ್ಗಿಸಿಕೊಂಡು ಕೇಳಿದ. ಆಮೇಲೆ ನಮ್ಮ ಖೋಲಿಯ ಬಾಗಿಲಿಗೆ ಬಂದು ನಿಂತ. ನಾನು ಹೊಸ್ತಿಲ ಮೇಲೆ ಕುಳಿತಿದ್ದೆ, ಅವ್ವ ಒಳಗೆ ಒಲೆಯ ಮುಂದಿದ್ದಳು.

"ಒಂದು ಮಾತು ಹೇಳಿ ಕಳಿಸಿದ್ದರ ಪಂಚಮಿಗಿ ಬಂದು ಕರಕೊಂಡು ಹೋಗ್ತಿದ್ದೆ ತಾಯಿ. ದಾರಿ ನೋಡಿ ನೋಡಿ ಸುಮ್ಮನಾದೆ. ನನ್ನ ಬಿಡ್ಡಗೇ ಬರೂ ಮನಸಿಲ್ಲ ಅಂದ್ಕೊಂಡೆ."

ಮಗಳಿಗೆ ಅವನು ತೆಲುಗಿನಲ್ಲಿ ಬಿಡ್ಡ ಎನ್ನುತ್ತಿದ್ದ. ಕಾಗದ ಬಂದಿಲ್ಲವೇ ಎಂದು ಕೇಳಲು ಬಾಯಿ ತೆರೆದವಳು ಅವ್ವನ ಕಡೆ ತಿರುಗಿದೆ. ಅವ್ವ ಒಲೆಯೊಳಗೆ ಕಟ್ಟಿಗೆ ತಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. ತವರಿಗೆ ಹೋಗಬೇಕಂತಿಯಲ್ಲ ಎಂದು ಗೌಡಶಾನಿ ಅಂದದ್ದು ನೆನಪಾಯಿತು. ಕಾರ್ಡು ಟಪಾಲು ಡಬ್ಬಿ ನೋಡಿರಲಿಲ್ಲ. ಸಂತೆಗೆ ಹೊರಟವಳು ವಾಡೆಯ ಮುಂಬಾಗಿಲಲ್ಲಿ ನಿಂತು ಸೆರಗು ಬಿಚ್ಚಿ ಅದನ್ನು ಗೌಡಶಾನಿಯ ಕೈಗೆ ಕೊಟ್ಟಿರಬೇಕು. ಸೂರಿನ ಋಣವೋ, ನನ್ನ ಬಾಣಂತನದ ಹೆದರಿಕೆಯೋ, ನಾನು ಕೇಳಲೇ ಇಲ್ಲ. ಸಾಯುವವರೆಗೆ ಅವಳೂ ಹೇಳಲಿಲ್ಲ. ಆ ಗಳಿಗೆಯಲ್ಲಿ ಅವಳ ಮೇಲೆ ಬಂದ ಸಿಟ್ಟು ಇನ್ನೂ ಹಾಗೇ ಇದೆ, ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಪ್ರಾಣ ಬಿಟ್ಟಾಗಲೂ ಇತ್ತು.

ಮುದುಕ ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ನೀನು ಏಣಿಯ ಹತ್ತಿರ ಇದ್ದಿ ಅಂದರು ಎಂದ. ನನ್ನ ಹೊಟ್ಟೆ ನೋಡಿ ದನಿ ತಗ್ಗಿಸಿದ.

"ನನ್ನ ಬಿಡ್ಡ ಅಂಜಿದ್ಳೇನು? ಖರೇ ಹೇಳವ್ವ."

ಖರೇ ಹೇಳಿದ್ದರೆ ಏನಾಗುತ್ತಿತ್ತು? ಅಂಜಿದಳು, ಅತ್ತಳು, ಕಾಲು ಹಿಡಿದಳು, ನಿನ್ನನ್ನು ಕರೆಯಲು ಕಾಗದ ಬರೆಸಿದ್ದಳು, ಆ ಕಾಗದವನ್ನು ಈಗ ಒಲೆಯ ಮುಂದೆ ಕುಳಿತಿರುವ ನನ್ನ ಅವ್ವ ಮಾರಿಬಿಟ್ಟಳು. ಇಷ್ಟೇ ಮಾತು. ಅವನು ಚಿತ್ತಾಪುರದ ಕಚೇರಿಗೆ ಹೋಗುತ್ತಿದ್ದನೋ, ಗೌಡರ ಕೊರಳಪಟ್ಟಿ ಹಿಡಿಯುತ್ತಿದ್ದನೋ ಗೊತ್ತಿಲ್ಲ. ಕೊನೆಗೆ ಮಗಳಿಗೆ ಬರಲು ಮನಸ್ಸಿತ್ತು ಎನ್ನುವುದಾದರೂ ಅವನಿಗೆ ಗೊತ್ತಾಗುತ್ತಿತ್ತು. ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಇಲ್ರಿ. ನಕ್ಕೋತ ಇಳದ್ಳು" ಎಂದೆ.

ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದು, ಆಮೇಲೆ ಎದ್ದು ನನ್ನ ತಲೆಯ ಮೇಲೆ ಕೈ ಇಟ್ಟು ಹರಸಿದ. ಹಗೇವಿನ ಕಲ್ಲಿಗೆ ಅಡ್ಡಬಿದ್ದು, ಬಂದ ದಾರಿಯಲ್ಲೇ ನಡೆದುಕೊಂಡು ಹೋದ. ಆಮೇಲೆ ಆರೇಳು ವರ್ಷ, ನಿಜಾಮರ ಆಳಿಕೆ ಹೋದ ಮೇಲೂ, ಪ್ರತಿ ಪಂಚಮಿಗೆ ಮಗಳಿಗೆ ಉಡಿ ತುಂಬಲು ಅಷ್ಟು ದೂರದಿಂದ ನಡೆದು ಬರುತ್ತಿದ್ದನಂತೆ. ನಾನು ಆ ದಿನಗಳಲ್ಲಿ ತವರಿಗೆ ಹೋಗುವುದನ್ನೇ ಬಿಟ್ಟೆ.

ಮುದುಕ ಬಂದುಹೋದ ಮರುದಿನ ನಸುಕಿನಲ್ಲಿ ಅವ್ವ ಬೀಸಲು ಕುಳಿತಳು. ಎದುರಿನ ಜಾಗ ಖಾಲಿ ಇತ್ತು. ನೀಲಾ, ಬಾ ಎಂದಳು. ಅಷ್ಟು ಹೊಟ್ಟೆ ಹೊತ್ತುಕೊಂಡು ಹೋಗಿ ಕುಳಿತೆ, ಬೀಸುವ ಕಲ್ಲಿನ ಗೂಟಕ್ಕೆ ಕೈ ಹಾಕಿದೆ. ಅವ್ವ ಸಿದ್ದಮ್ಮನ ಹಾಡು ಎತ್ತಿದಳು. ಸೀರೆ ಬಂತು, ಬಳೆ ಬಂತು, ಮೊರ ಬಂತು. ಅದಾದ ಮೇಲೆ ಹಿಂದಿನ ದಿನ ಇಲ್ಲದ ಒಂದು ಸಾಲು ಬಂತು: ನಗುನಗುತ ಇಳಿದಾಳ ತಂಗಿ. ಅವ್ವ ಹಾಡಿ ನಿಲ್ಲಿಸಿ ನನ್ನ ಸರದಿಗೆ ಕಾದಳು. ಕಲ್ಲು ತಿರುಗುತ್ತಿತ್ತು. ನಾನು ಆ ಸಾಲನ್ನು ಎತ್ತಿಕೊಂಡು ತಿರುಗಿ ಹಾಡಿದೆ.

ಹಗೇವಿನ ಆ ಕಲ್ಲಿನ ಮೇಲೆ ಎದ್ದ ಗುಡಿಯ ಹೆಂಗಸರು ಈಗ ಧ್ವನಿವರ್ಧಕ ಹಚ್ಚಿ ಹಾಡುವುದು ಅದನ್ನೇ. ನಮ್ಮ ಹುಡುಗಿ ಸೋಮವಾರ ಹೋಗುವುದಾದರೆ ಹೋಗಲಿ, ನಾನು ಬೈಯುವುದಿಲ್ಲ. ಇದನ್ನು ಓದಿ ಹೋಗಲಿ. ಅಲ್ಲಿ ಕೂತವಳ ಹೆಸರು ಸಿದ್ದಮ್ಮ. ಅವಳು ನಗಲಿಲ್ಲ, ಒಲ್ಲೆ ಎಂದಳು. ಅದನ್ನು ಅವಳ ಅಪ್ಪ ನನ್ನ ಮುಂದೆ ಕುಳಿತು ಕೇಳಿದ್ದ, ನಾನು ಹೇಳಲಿಲ್ಲ.